ಜಾರ್ಜ್ ವಾಷಿಂಗ್ಟನ್ ಕಾರ್ವರ್: ಮಣ್ಣಿನ ಅಧ್ಯಾಪಕ



ಇಂದು ನಾನು ಮಾತನಾಡಬೇಕಾಗಿರುವುದು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬ ಅಮೆರಿಕದ ಕೃಷಿ ವಿಜ್ಞಾನಿಯನ್ನು ಕುರಿತು. ಈ ಹೆಸರು ನಿಮಗೆ ಹೊಸದಲ್ಲ. ಮಕ್ಕಳ ಪುಸ್ತಕಗಳಲ್ಲಿ, ಮಹನೀಯರ ಕಥೆಗಳಲ್ಲಿ, ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಓದಿಸುವ ‘ನಿಮಗಿದು ಗೊತ್ತೆ’ ಎಂಬ ಚೀಟಿಗಳಲ್ಲಿ ಅವರು ಆಗಾಗ ಬಂದುಹೋಗುತ್ತಾರೆ. ಹೀಗೆ ಬಂದಾಗಲೆಲ್ಲ ಅವರೊಡನೆ ನಾಲ್ಕು ವಾಕ್ಯಗಳು ಬರುತ್ತವೆ. ಗುಲಾಮರ ಮನೆಯಲ್ಲಿ ಹುಟ್ಟಿದರು, ಕಷ್ಟಪಟ್ಟು ಓದಿದರು, ಕಡಲೆಕಾಯಿಯಿಂದ ಮುನ್ನೂರು ವಸ್ತುಗಳನ್ನು ತಯಾರಿಸಿದರು, ಪೀನಟ್ ಬಟರ್ ಎಂಬ ಕಡಲೆಕಾಯಿ ಬೆಣ್ಣೆಯನ್ನು ಕಂಡುಹಿಡಿದರು. ನಾನೂ ಬಹುಕಾಲ ಈ ನಾಲ್ಕನ್ನೇ ಹೇಳಿಕೊಂಡು ಬಂದವನು. ಇವುಗಳಲ್ಲಿ ಕೊನೆಯದು ತಪ್ಪು, ಅದರ ಹಿಂದಿನದು ಅರ್ಧ ಸರಿ. ಆದರೆ ನನ್ನ ಆಕ್ಷೇಪ ಅಷ್ಟಕ್ಕೇ ಅಲ್ಲ. ಈ ನಾಲ್ಕು ವಾಕ್ಯಗಳ ಹಿಂದೆ ಮರೆಯಾಗಿ ನಿಂತಿರುವ ವ್ಯಕ್ತಿ ವೃತ್ತಿಯಿಂದ ನಮ್ಮವರು. 46 ವರ್ಷಗಳಿಗೂ ಹೆಚ್ಚು ಕಾಲ ಒಂದೇ ಊರಿನಲ್ಲಿದ್ದು, ಓದು ಬಾರದ ರೈತನಿಗೂ ವಿಜ್ಞಾನವನ್ನು ಅವನ ಮಾತಿನಲ್ಲಿಯೇ ಮುಟ್ಟಿಸಲು ಹೆಣಗಿದ ಒಬ್ಬ ಮೇಷ್ಟರು. ಆ ಮೇಷ್ಟರನ್ನು ನಿಮಗೆ ಪರಿಚಯಿಸಬೇಕೆಂಬುದು ನನ್ನ ಆಸೆ.

ಅಮೆರಿಕದ ಮಿಸ್ಸೂರಿ ರಾಜ್ಯದ ನೈಋತ್ಯ ಮೂಲೆಯಲ್ಲಿ ಡೈಮಂಡ್ ಗ್ರೋವ್ ಎಂಬ ಸಣ್ಣ ವಸತಿ. ಅಲ್ಲಿ ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತನಿದ್ದ. 1855ರಲ್ಲಿ ಅವನು 700 ಡಾಲರ್ ಕೊಟ್ಟು ಮೇರಿ ಎಂಬ ಹುಡುಗಿಯನ್ನು ಕೊಂಡಿದ್ದ. ಆಕೆಯ ಮಗನೇ ಜಾರ್ಜ್. ಹುಟ್ಟಿದ ದಿನ ಯಾರಿಗೂ ತಿಳಿಯದು. ದಾಸ್ಯದಲ್ಲಿದ್ದವರ ಮಕ್ಕಳ ಜನ್ಮದಿನವನ್ನು ಬರೆದಿಡುವ ಅಗತ್ಯ ಒಡೆಯರಿಗೆ ಕಾಣುತ್ತಿರಲಿಲ್ಲ. 1864ರ ಆಸುಪಾಸು ಎಂದು ಇಂದು ಹೇಳುತ್ತಾರೆ. ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ದರೋಡೆಕೋರರ ಗುಂಪೊಂದು ರಾತ್ರಿ ದಾಳಿಯಿಟ್ಟು ತಾಯಿಯನ್ನೂ ಎಳೆಗೂಸನ್ನೂ ಹೊತ್ತೊಯ್ದಿತು. ಮೋಸೆಸ್ ಕಾರ್ವರ್ ಒಬ್ಬನನ್ನು ಹುಡುಕಲು ಕಳುಹಿಸಿದ. ಮಗು ಸಿಕ್ಕಿತು, ತಾಯಿ ಸಿಗಲೇ ಇಲ್ಲ. ಮಗುವನ್ನು ತಂದುಕೊಟ್ಟವನಿಗೆ ಪ್ರತಿಫಲವಾಗಿ ಒಂದು ಕುದುರೆ ದೊರೆಯಿತು. ತಾಯಿಯ ಬೆಲೆ 700 ಡಾಲರ್, ಮಗನ ಬೆಲೆ ಒಂದು ಕುದುರೆ. ತರಗತಿಯಲ್ಲಿ ಗುಲಾಮಗಿರಿ ಎಂಬ ಪದವನ್ನು ವಿವರಿಸಬೇಕಾದಾಗ ನಾನು ಈ ಎರಡು ಬೆಲೆಗಳನ್ನು ಹೇಳಿ ಸುಮ್ಮನಾಗುತ್ತೇನೆ. ಮಕ್ಕಳಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ದಾಸ್ಯ ರದ್ದಾದ ಮೇಲೆ ಮೋಸೆಸ್ ಮತ್ತು ಅವನ ಹೆಂಡತಿ ಸೂಸನ್ ಜಾರ್ಜನನ್ನೂ ಅವನ ಅಣ್ಣ ಜಿಮ್‌ನನ್ನೂ ತಮ್ಮ ಮನೆಯಲ್ಲಿಯೇ ಬೆಳೆಸಿದರು. ಜಾರ್ಜ್ ರೋಗಿಷ್ಠ ಕೂಸು. ಹೊಲದ ಭಾರದ ಕೆಲಸಕ್ಕೆ ಆಗದೆ ಮನೆಯೊಳಗಿನ ಕೆಲಸ ಕಲಿತ: ಅಡುಗೆ, ಒಗೆತ, ಹೊಲಿಗೆ, ಕಸೂತಿ. ಮುಂದೆ ಓದಿನುದ್ದಕ್ಕೂ ಅವನ ಹೊಟ್ಟೆ ಹೊರೆದದ್ದು ಇದೇ ಒಗೆತ ಮತ್ತು ಅಡುಗೆ. ಬಿಡುವಿದ್ದಾಗ ಕಾಡಿಗೆ ಹೋಗಿ ಗಿಡಗಳನ್ನು ತಂದು ಪೊದೆಯ ಮರೆಯಲ್ಲಿ ಗುಟ್ಟಾಗಿ ತೋಟ ಮಾಡುತ್ತಿದ್ದನಂತೆ. ಬಾಡಿದ ಗಿಡಗಳನ್ನು ಚೇತರಿಸುವುದರಲ್ಲಿ ಎಷ್ಟು ಪಳಗಿದನೆಂದರೆ, ನೆರೆಹೊರೆಯವರು ಅವನನ್ನು ಗಿಡಗಳ ವೈದ್ಯ ಎಂದೇ ಕರೆಯತೊಡಗಿದರು.

ಹತ್ತಿರದಲ್ಲಿಯೇ ಶಾಲೆಯಿತ್ತು. ಆದರೆ ಅದು ಬಿಳಿಯ ಮಕ್ಕಳ ಶಾಲೆ. ಕಪ್ಪು ಮಕ್ಕಳ ಶಾಲೆ ಇದ್ದುದು ಹಲವು ಮೈಲಿ ಆಚೆಯ ನಿಯೋಶೋ ಎಂಬ ಪಟ್ಟಣದಲ್ಲಿ. ಸುಮಾರು ಹನ್ನೆರಡು ವರ್ಷದ ಹುಡುಗ ಒಬ್ಬಂಟಿಯಾಗಿ ನಡೆದು ಅಲ್ಲಿಗೆ ಹೋದ. ಅಲ್ಲಿ ಮರಾಯಾ ವಾಟ್ಕಿನ್ಸ್ ಎಂಬ ಕಪ್ಪು ಮಹಿಳೆಯ ಮನೆ ಅವನಿಗೆ ಆಶ್ರಯವಾಯಿತು. ಆಕೆ ಸೂಲಗಿತ್ತಿ, ಒಗೆತದ ಕೆಲಸವನ್ನೂ ಮಾಡುತ್ತಿದ್ದವರು, ಗಿಡಮೂಲಿಕೆಗಳನ್ನು ಬಲ್ಲವರು. ನೀನು ಯಾರೆಂದು ಕೇಳಿದಾಗ ಅವನು ಕಾರ್ವರ್ ಮನೆಯ ಜಾರ್ಜ್ ಎಂದನಂತೆ. ಇನ್ನು ಮುಂದೆ ಹಾಗೆ ಹೇಳಬೇಡ, ನಿನ್ನ ಹೆಸರು ಜಾರ್ಜ್ ಕಾರ್ವರ್ ಎಂದು ಆಕೆ ತಿದ್ದಿದರಂತೆ. ಒಡೆತನವನ್ನು ಸೂಚಿಸುತ್ತಿದ್ದ ಪದ ಅಂದಿನಿಂದ ಅವನದೇ ಹೆಸರಾಯಿತು. ಮಧ್ಯದ ವಾಷಿಂಗ್ಟನ್ ಬಂದದ್ದು ಇನ್ನೂ ತಡವಾಗಿ. ಕ್ಯಾನ್ಸಸಿನ ಊರೊಂದರಲ್ಲಿ ಅದೇ ಹೆಸರಿನ ಇನ್ನೊಬ್ಬನಿದ್ದು ಅಂಚೆ ಅದಲುಬದಲಾಗುತ್ತಿದ್ದುದರಿಂದ ನಡುವೆ ಒಂದಕ್ಷರ ಸೇರಿಸಿಕೊಂಡದ್ದು.

ನಿಯೋಶೋದ ಶಾಲೆ ಬಹುಬೇಗ ಸಾಲದಾಯಿತು. ಅಲ್ಲಿಂದ ಕ್ಯಾನ್ಸಸ್ ರಾಜ್ಯದ ಫೋರ್ಟ್ ಸ್ಕಾಟ್‌ಗೆ. ಅಲ್ಲಿ 1879ರಲ್ಲಿ ಬಿಳಿಯರ ಗುಂಪೊಂದು ಕಪ್ಪು ವ್ಯಕ್ತಿಯೊಬ್ಬನನ್ನು ಸೆರೆಮನೆಯಿಂದ ಎಳೆದು ತಂದು ಕೊಂದುದನ್ನು ಈ ಹುಡುಗ ಕಣ್ಣಾರೆ ಕಂಡ. ಅಂದೇ ಆ ಊರು ಬಿಟ್ಟ. ಆಮೇಲೆ ಊರಿಂದೂರಿಗೆ ಅಲೆಯುತ್ತ, ಬಟ್ಟೆ ಒಗೆಯುತ್ತ, ಓದುತ್ತ ಪ್ರೌಢಶಾಲೆ ಮುಗಿಸಿದ. 1885ರಲ್ಲಿ ಹೈಲ್ಯಾಂಡ್ ಎಂಬಲ್ಲಿನ ಕಾಲೇಜಿಗೆ ಅಂಚೆಯ ಮೂಲಕ ಅರ್ಜಿ ಕಳುಹಿಸಿದಾಗ ಪ್ರವೇಶ ದೊರೆತಿದೆಯೆಂದು ಉತ್ತರ ಬಂತು. ಸಾಮಾನು ಕಟ್ಟಿಕೊಂಡು ಬಾಗಿಲಿಗೆ ಹೋಗಿ ನಿಂತಾಗ ಅವರು ನೋಡಿದ್ದು ಅಂಕಗಳನ್ನಲ್ಲ, ಮೈಬಣ್ಣವನ್ನು. ಬಂದ ದಾರಿಯಲ್ಲೇ ಹಿಂದಿರುಗಬೇಕಾಯಿತು. ಕೆಲವು ವರ್ಷ ಕ್ಯಾನ್ಸಸಿನ ಬಯಲಿನಲ್ಲಿ ಹುಲ್ಲುಬೇರಿನ ಮಣ್ಣುಹೆಂಟೆಗಳಿಂದ ಮನೆ ಕಟ್ಟಿಕೊಂಡು ಬೇಸಾಯ ಮಾಡಿದ.

1890ರಲ್ಲಿ ಅಯೋವಾ ರಾಜ್ಯದ ಇಂಡಿಯಾನೋಲಾದ ಸಿಂಪ್ಸನ್ ಕಾಲೇಜು ಅವನನ್ನು ಸೇರಿಸಿಕೊಂಡಿತು. ಸೇರಿದ್ದು ಸಸ್ಯಶಾಸ್ತ್ರಕ್ಕಲ್ಲ, ಚಿತ್ರಕಲೆಗೆ. ಎಟ್ಟಾ ಬಡ್ ಎಂಬ ಚಿತ್ರಕಲಾ ಅಧ್ಯಾಪಕಿ ಈ ವಿದ್ಯಾರ್ಥಿ ಬರೆದ ಹೂಗಿಡಗಳನ್ನು ನೋಡಿದರು. ಕೈ ಚಿತ್ರಕಾರನದು, ಆದರೆ ಕಣ್ಣು ಸಸ್ಯಶಾಸ್ತ್ರಜ್ಞನದು ಎಂಬುದನ್ನು ಅವರು ಗುರುತಿಸಿದರು. ಕಪ್ಪು ಯುವಕನೊಬ್ಬ ಚಿತ್ರ ಬರೆದು ಬದುಕುವುದು ಅಂದಿನ ಅಮೆರಿಕದಲ್ಲಿ ಎಷ್ಟು ಕಷ್ಟವೆಂಬುದೂ ಅವರಿಗೆ ತಿಳಿದಿತ್ತು. ಏಮ್ಸ್ ನಗರದ ಅಯೋವಾ ಕೃಷಿ ಕಾಲೇಜಿನಲ್ಲಿ ಅವರ ತಂದೆ ತೋಟಗಾರಿಕೆಯ ಪ್ರಾಧ್ಯಾಪಕರು. ಅಲ್ಲಿಗೆ ಹೋಗೆಂದು ಎಟ್ಟಾ ಬಡ್ ಒತ್ತಾಯಿಸಿದರು. ತನ್ನ ತರಗತಿಯ ಅತ್ಯುತ್ತಮ ವಿದ್ಯಾರ್ಥಿಯನ್ನು ಇನ್ನೊಂದು ವಿಷಯದ ತರಗತಿಗೆ ತಾನಾಗಿಯೇ ಬಿಟ್ಟುಕೊಡುವುದು ಸುಲಭವಲ್ಲ. ನನಗೆ ಅದು ಸಾಧ್ಯವಾಗುತ್ತಿತ್ತೇ ಎಂದು ಈ ಘಟನೆ ನೆನಪಾದಾಗಲೆಲ್ಲ ಕೇಳಿಕೊಳ್ಳುತ್ತೇನೆ.

1891ರಲ್ಲಿ ಕಾರ್ವರ್ ಆ ಕೃಷಿ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿಯಾದರು. ಆರಂಭದಲ್ಲಿ ಸಹಪಾಠಿಗಳೊಡನೆ ಊಟದ ಮನೆಯಲ್ಲಿ ಕುಳಿತುಕೊಳ್ಳಲು ಬಿಡಲಿಲ್ಲ. ನೆಲಮಾಳಿಗೆಯಲ್ಲಿ ಕೆಲಸದಾಳುಗಳೊಡನೆ ಉಣ್ಣಬೇಕಿತ್ತು. ಸುದ್ದಿ ತಿಳಿದು ಇಂಡಿಯಾನೋಲಾದಿಂದ ಪರಿಚಿತ ಬಿಳಿಯ ಮಹಿಳೆಯೊಬ್ಬರು ಒಳ್ಳೆಯ ಉಡುಪು ಧರಿಸಿ ಬಂದು ಇಡೀ ದಿನ ಅವರ ಜೊತೆ ಓಡಾಡಿ, ಅದೇ ನೆಲಮಾಳಿಗೆಯಲ್ಲಿ ಅವರ ಪಕ್ಕದಲ್ಲಿ ಕುಳಿತು ಉಂಡರು. ಆಮೇಲೆ ಪರಿಸ್ಥಿತಿ ಸುಧಾರಿಸಿತೆಂದು ಕಾರ್ವರ್ ನೆನೆಯುತ್ತಿದ್ದರು. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ. ಲೂಯಿ ಪ್ಯಾಮೆಲ್ ಎಂಬ ಸಸ್ಯಶಾಸ್ತ್ರಜ್ಞರ ಕೈಕೆಳಗೆ ಶಿಲೀಂಧ್ರಗಳನ್ನು ಅಭ್ಯಾಸ ಮಾಡಿದರು, ಅದೇ ಕಾಲೇಜಿನಲ್ಲಿ ಬೋಧಕರೂ ಆದರು. ಅಲ್ಲಿನ ಒಬ್ಬ ಪ್ರಾಧ್ಯಾಪಕರ ಪುಟ್ಟ ಮಗನನ್ನು ಕೈಹಿಡಿದು ಗಿಡ ತೋರಿಸಲು ಕರೆದೊಯ್ಯುತ್ತಿದ್ದರು. ಆ ಹುಡುಗ ಹೆನ್ರಿ ವ್ಯಾಲೇಸ್ ಮುಂದೆ ಅಮೆರಿಕದ ಕೃಷಿ ಸಚಿವನೂ ಉಪಾಧ್ಯಕ್ಷನೂ ಆದ.

ಏಮ್ಸ್‌ನಲ್ಲಿಯೇ ಉಳಿದಿದ್ದರೆ ಕಾರ್ವರ್ ಶಿಲೀಂಧ್ರಶಾಸ್ತ್ರದಲ್ಲಿ ದೊಡ್ಡ ಸಂಶೋಧಕರಾಗುತ್ತಿದ್ದರೆಂದು ಅವರ ಗುರುಗಳು ನಂಬಿದ್ದರು. ಆದರೆ 1896ರಲ್ಲಿ ದಕ್ಷಿಣದ ಅಲಬಾಮಾ ರಾಜ್ಯದ ಟಸ್ಕೀಗಿಯಿಂದ ಕರೆ ಬಂತು. ಕರೆದವರು ಬುಕರ್ ಟಿ. ವಾಷಿಂಗ್ಟನ್, ತಾವೂ ದಾಸ್ಯದಲ್ಲಿ ಹುಟ್ಟಿದವರು, ಕಪ್ಪು ಯುವಜನರಿಗಾಗಿ ಅಲ್ಲೊಂದು ಶಿಕ್ಷಣ ಸಂಸ್ಥೆಯನ್ನು ಕಟ್ಟಿ ಬೆಳೆಸುತ್ತಿದ್ದವರು. ವರ್ಷಕ್ಕೆ 1000 ಡಾಲರ್ ಸಂಬಳದ ಮೇಲೆ ಕೃಷಿ ವಿಭಾಗದ ಮುಖ್ಯಸ್ಥರಾಗಿ ಕಾರ್ವರ್ ಅಲ್ಲಿಗೆ ಹೋದರು.

ಅಲ್ಲಿ ಪ್ರಯೋಗಾಲಯವೇ ಇರಲಿಲ್ಲ. ಕಾರ್ವರ್ ತಮ್ಮ ವಿದ್ಯಾರ್ಥಿಗಳನ್ನು ಕಸದ ತಿಪ್ಪೆಗಳಿಗೆ ಕರೆದೊಯ್ದರು. ಒಡೆದ ಶೀಶೆಗಳು, ಹಳೆಯ ಡಬ್ಬಿಗಳು, ಹರಿದ ತಂತಿಗಳು, ಮುರಿದ ಪಾತ್ರೆಗಳು ತರಗತಿಗೆ ಬಂದವು. ಶೀಶೆಯ ಕುತ್ತಿಗೆ ಕತ್ತರಿಸಿದರೆ ಬೀಕರು, ಮಸಿಕುಡಿಕೆಗೆ ಬತ್ತಿ ಹಾಕಿದರೆ ಸ್ಪಿರಿಟ್ ದೀಪ. ಇದನ್ನು ಕೇಳಿ, ಬಡ ಶಾಲೆಗೆ ಅನುದಾನ ಬೇಕಿಲ್ಲ, ಉತ್ಸಾಹವಿದ್ದರೆ ಸಾಕು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಕಾರ್ವರ್ ಒಪ್ಪಿರಲಿಲ್ಲ. ಉಪಕರಣಕ್ಕಾಗಿ, ಜಾಗಕ್ಕಾಗಿ, ಸಹಾಯಕರಿಗಾಗಿ ಆಡಳಿತದೊಡನೆ ಅವರು ಜೀವನವಿಡೀ ಪತ್ರಯುದ್ಧ ನಡೆಸಿದರು. 1897ರಲ್ಲಿ ಅಲಬಾಮಾ ಶಾಸನಸಭೆ ಟಸ್ಕೀಗಿಗೆ ಒಂದು ಕೃಷಿ ಪ್ರಯೋಗ ಕೇಂದ್ರವನ್ನು ಮಂಜೂರು ಮಾಡಿತು. ಅದಕ್ಕೆ ವರ್ಷಕ್ಕೆ 1500 ಡಾಲರ್. ಆಬರ್ನ್ ನಗರದಲ್ಲಿದ್ದ ಬಿಳಿಯರ ಕಾಲೇಜಿನ ಕೇಂದ್ರಕ್ಕೆ ದೊರೆಯುತ್ತಿದ್ದ ಹಣದ ಮುಂದೆ ಅದು ತೀರ ಅಲ್ಪ.

ಇನ್ನು ಹೊರಗಿನ ಹೊಲಗಳು. ತಲೆಮಾರುಗಳ ಕಾಲ ಹತ್ತಿಯ ಮೇಲೆ ಹತ್ತಿ ಬೆಳೆದು ಅಲ್ಲಿನ ಮಣ್ಣು ಸತ್ವ ಕಳೆದುಕೊಂಡಿತ್ತು; ಮಳೆ ಬಂದಾಗ ಮೇಲ್ಮಣ್ಣು ಕೊಚ್ಚಿಹೋಗಿ ಹೊಲದ ತುಂಬ ಕೊರಕಲುಗಳು. ದಾಸ್ಯದಿಂದ ಬಿಡುಗಡೆಯಾದವರಿಗೆ ಸ್ವಾತಂತ್ರ್ಯ ಸಿಕ್ಕಿತ್ತು, ಭೂಮಿ ಸಿಕ್ಕಿರಲಿಲ್ಲ. ಅವರು ಬಿಳಿಯ ಭೂಮಾಲೀಕರ ಜಮೀನನ್ನು ಪಾಲಿಗೆ ಮಾಡುತ್ತಿದ್ದರು. ಬೀಜ, ಹೇಸರಗತ್ತೆ, ಊಟದ ಹಿಟ್ಟು ಎಲ್ಲವೂ ವ್ಯಾಪಾರಿಯ ಅಂಗಡಿಯಲ್ಲಿ ಸಾಲ. ಸಾಲಕ್ಕೆ ಒತ್ತೆ ಇನ್ನೂ ಬೆಳೆಯದ ಹತ್ತಿ. ಸಾಲ ಕೊಟ್ಟವನು ಹತ್ತಿಯನ್ನೇ ಬೆಳೆಯಬೇಕೆನ್ನುತ್ತಿದ್ದ, ಗುಡಿಸಲಿನ ಬಾಗಿಲವರೆಗೂ ಬೆಳೆಯಬೇಕೆನ್ನುತ್ತಿದ್ದ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಹಳೆಯ ಬಾಕಿಯ ಮೇಲೆ ಹೊಸ ಬಾಕಿ. ಇಂಥ ರೈತನಿಗೆ ರಾಸಾಯನಿಕ ಗೊಬ್ಬರ ಕೊಳ್ಳೆಂದು ಹೇಳುವುದು ಅವನನ್ನು ಅಣಕಿಸಿದಂತೆ. ಟಸ್ಕೀಗಿಗೆ ಬಂದ ಹೊಸದರಲ್ಲಿ ಕಾರ್ವರ್ ಕೂಡ ಏಮ್ಸ್‌ನಲ್ಲಿ ಕಲಿತ ಪಾಠವನ್ನೇ ಹೇಳಹೊರಟಿದ್ದರು. ಅದು ಅಲಬಾಮಾಕ್ಕೆ ಹೊಂದುವುದಿಲ್ಲವೆಂದು ಅರಿತು ಬೋಧನೆಯ ದಿಕ್ಕನ್ನೇ ಬದಲಿಸಿಕೊಂಡರು. ರೈತನ ಕೈಯಲ್ಲಿ ಕಾಸಿಲ್ಲದೆ ಏನು ಮಾಡಬಹುದು ಎಂಬುದು ಅವರ ಸಂಶೋಧನೆಯ ಪ್ರಶ್ನೆಯಾಯಿತು.

ಉತ್ತರದ ಒಂದು ಭಾಗ ಕಾಡಿನಲ್ಲಿತ್ತು: ಉದುರಿದ ಎಲೆ, ಜೌಗುನೆಲದ ಕಪ್ಪು ಗೋಡು, ಕೊಟ್ಟಿಗೆಯ ಕಸ. ಇವನ್ನು ಪದರಪದರವಾಗಿ ಹಾಕಿ ಕೊಳೆಸಿ ಹೊಲಕ್ಕೆ ಹಾಕಿರೆಂದರು. ಇನ್ನೊಂದು ಭಾಗ ದ್ವಿದಳ ಧಾನ್ಯದ ಬೇರಿನಲ್ಲಿತ್ತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದು. ಶಾಲೆಯ ಸುತ್ತ ಶೇಂಗಾ ಹೊಲಗಳು. ಒಬ್ಬ ಹುಡುಗ ಬುಡಸಮೇತ ಕಿತ್ತ ಗಿಡ ಹಿಡಿದು ತಂದು, ಬೇರಿನ ಮೇಲಿನ ಸಣ್ಣ ಸಣ್ಣ ಗಂಟುಗಳನ್ನು ತೋರಿಸಿ, ಇದು ರೋಗವೇ ಎಂದು ಕೇಳಿದ. ಹೌದು, ಬೇರಿಗೆ ಹುಳು ಬಿದ್ದಿದೆ ಎಂದೆ. ಅದೇ ವಾರ ಕಪ್ಪುಹಲಗೆಯ ಮೇಲೆ ಸಾರಜನಕ ಚಕ್ರದ ಚಿತ್ರವನ್ನು ಬಾಣದ ಗುರುತುಗಳೊಡನೆ ಅಂದವಾಗಿ ಬರೆದಿದ್ದೆ. ಹುಡುಗ ಮನೆಗೆ ಹೋಗಿ ಹೇಳಿದ. ಅವನ ತಂದೆ ಶಾಲೆ ಕಾಣದವರು. ಆ ಗಂಟು ಇದ್ದರೇ ಮುಂದಿನ ಜೋಳ ಚೆನ್ನಾಗಿ ಬರುತ್ತದೆ, ನಿಮ್ಮ ಮೇಷ್ಟರಿಗೆ ಹೇಳು ಎಂದು ಮರುದಿನ ಹೇಳಿಕಳುಹಿಸಿದರು. ನನ್ನ ಚಿತ್ರ ಹಲಗೆಯ ಮೇಲಿತ್ತು, ಅದರ ಅರ್ಥ ಹೊಲದಲ್ಲಿತ್ತು. ನಡುವೆ ಸೇತುವೆಯಾಗಬೇಕಾದವನು ನಾನು ತಪ್ಪು ಹೇಳಿ ಕುಳಿತಿದ್ದೆ.

ಆ ಗಂಟುಗಳಲ್ಲಿ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳು ಮನೆ ಮಾಡಿರುತ್ತವೆ. ಗಿಡ ಅವಕ್ಕೆ ಸಕ್ಕರೆಯನ್ನು ಕೊಡುತ್ತದೆ. ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತವೆ. ಹೆಲ್ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬ ಜರ್ಮನ್ ವಿಜ್ಞಾನಿಗಳು ಇದನ್ನು ಸ್ಥಾಪಿಸಿದ್ದು 1880ರ ದಶಕದ ಕೊನೆಯಲ್ಲಿ. ಎಂದರೆ, ಕಾರ್ವರ್ ಟಸ್ಕೀಗಿಗೆ ಬಂದಾಗ ಈ ಜ್ಞಾನಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ಜರ್ಮನಿಯ ಪ್ರಯೋಗಾಲಯದ ಹೊಚ್ಚಹೊಸ ಶೋಧವನ್ನು ಅಲಬಾಮಾದ ಅತಿ ಬಡ ಪಾಲುದಾರನ ಹೊಲಕ್ಕೆ ಅಷ್ಟು ಬೇಗ ತಂದರಲ್ಲ, ಅವರ ದೊಡ್ಡ ಸಾಧನೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಮೊದಲು ಇದನ್ನು ಹೇಳುತ್ತೇನೆ.

ಇನ್ನೊಂದು ವಿಷಯ. ಮೊದಲ ವರ್ಷಗಳಲ್ಲಿ ಅವರು ಹೆಚ್ಚು ಒತ್ತಿ ಹೇಳಿದ್ದು ಕಡಲೆಕಾಯಿಯನ್ನಲ್ಲ, ಅಲಸಂದೆಯನ್ನು. 1903ರಲ್ಲಿ ಅಲಸಂದೆಯ ಮೇಲೆ ಒಂದು ಪುಸ್ತಿಕೆಯನ್ನೂ, 1908ರಲ್ಲಿ ಅದರ ಅಡುಗೆಯ ಮೇಲೆ ಇನ್ನೊಂದನ್ನೂ ಬರೆದರು. ಕಡಲೆಕಾಯಿಯ ಪ್ರಸಿದ್ಧ ಪುಸ್ತಿಕೆ ಬಂದದ್ದು 1916ರಲ್ಲಿ. ಕಾರಣ ಊಹಿಸುವುದು ಕಷ್ಟವಲ್ಲ. ಅಲಸಂದೆಯ ಗಿಡವನ್ನು ಹೊಲದಲ್ಲೇ ಉತ್ತು ಮಣ್ಣಿಗೆ ಸೇರಿಸಬಹುದು. ಕಡಲೆಕಾಯಿಯನ್ನು ಬೇರುಸಹಿತ ಕಿತ್ತು ಕಣಕ್ಕೆ ಒಯ್ಯಬೇಕು, ಹೊಟ್ಟು ದನಕ್ಕೆ ಹೋಗುತ್ತದೆ, ಮಣ್ಣಿಗೆ ಉಳಿಯುವುದು ಕಡಿಮೆ. ಈ ಸೂಕ್ಷ್ಮವನ್ನು ಮಡಕಶಿರ, ರಾಯದುರ್ಗದ ಕಡೆಯಿಂದ ಬಂದಿರುವ ನಿಮಗೆ ನಾನು ಹೇಳಬೇಕಾಗಿಲ್ಲ.

ಬೋಧನೆಗೆ ಅವರು ಹಿಡಿದ ಮುಖ್ಯ ಸಾಧನ ಈ ಪುಸ್ತಿಕೆಗಳೇ. 1898ರಲ್ಲಿ ಮೊದಲನೆಯದು, ಓಕ್ ಮರದ ಕಾಯಿಗಳನ್ನು ಪಶುಗಳಿಗೆ ಮೇವಾಗಿ ಕೊಡುವುದನ್ನು ಕುರಿತದ್ದು. ಕೊನೆಯ ಹೊತ್ತಿಗೆ ಒಟ್ಟು 44. ಸವಕಳಿಯಾದ ಮಣ್ಣನ್ನು ಮತ್ತೆ ಕಟ್ಟುವುದು ಹೇಗೆ, ಗೆಣಸನ್ನು ಕೆಡದಂತೆ ಇಡುವುದು ಹೇಗೆ, ಬೇಸಿಗೆಯಲ್ಲಿ ಮಾಂಸವನ್ನು ಉಪ್ಪುಹಾಕಿ ಕಾಪಾಡುವುದು ಹೇಗೆ, ಇಂಥವು ವಿಷಯಗಳು. ಒಂದೇ ಪುಸ್ತಿಕೆಯಲ್ಲಿ ಅವರು ಮೂವರನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದರು: ಬೆಳೆಯುವ ರೈತ, ಬೇಯಿಸುವ ಗೃಹಿಣಿ, ಪಾಠ ಹೇಳುವ ಶಿಕ್ಷಕ. ಬೇಸಾಯದ ಕ್ರಮ ರೈತನಿಗೆ, ಅಡುಗೆಯ ವಿಧಾನ ಗೃಹಿಣಿಗೆ, ಸ್ವಲ್ಪ ಶಾಸ್ತ್ರ ಶಿಕ್ಷಕನಿಗೆ. 1916ರ ಕಡಲೆಕಾಯಿ ಪುಸ್ತಿಕೆಯಲ್ಲಿ ಬೆಳೆಯುವ ರೀತಿಯ ಜೊತೆಗೆ 105 ಅಡುಗೆಗಳಿವೆ. ಮಾರಲು ಪೇಟೆಯಿಲ್ಲದ ಬೆಳೆಯನ್ನು ಬೆಳೆಯೆಂದು ಹೇಳಿದವನು, ಬೆಳೆದದ್ದನ್ನು ಏನು ಮಾಡಬೇಕೆಂದೂ ಹೇಳಬೇಕಾಗುತ್ತದೆ. ಆ ಮುನ್ನೂರು ವಸ್ತುಗಳ ಕಥೆಯ ಬೇರು ಇಲ್ಲಿದೆ. ಮೊದಲಿಗೆ ಅದು ಬಡವನ ತಟ್ಟೆಯ ಪ್ರಶ್ನೆಯಾಗಿತ್ತು.

ಪುಸ್ತಿಕೆಗಳ ಭಾಷೆಯನ್ನು ಕುರಿತು ಒಂದು ಮಾತು. ಕಾರ್ವರ್ ಲ್ಯಾಟಿನ್ ಹೆಸರುಗಳನ್ನು ಬಲ್ಲವರು. ತಮ್ಮ ಜಿಲ್ಲೆಯ ಎಲೆಚುಕ್ಕೆ ಶಿಲೀಂಧ್ರಗಳ ಮೇಲೆ ಶಾಸ್ತ್ರೀಯ ಪ್ರಬಂಧವನ್ನೂ ಪ್ರಕಟಿಸಿದ್ದರು. ಆದರೆ ರೈತರಿಗೆ ಬರೆಯುವಾಗ ಆ ಪಾಂಡಿತ್ಯವನ್ನು ಪಕ್ಕಕ್ಕಿಡುತ್ತಿದ್ದರು. ಅವರ ಓದುಗರಲ್ಲಿ ಬಹಳ ಮಂದಿಗೆ ಅಕ್ಷರ ಬಾರದು. ಶಾಲೆಗೆ ಹೋಗುವ ಮಗನೋ ಮಗಳೋ ಸಂಜೆ ಒಲೆಯ ಮುಂದೆ ಕುಳಿತು ಓದಿ ಹೇಳಬೇಕು, ಕೇಳಿದವರು ಬೆಳಿಗ್ಗೆ ಹಾಗೆಯೇ ಮಾಡಬೇಕು. ಹಳ್ಳಿಯ ಶಾಲೆಗಳಿಗಾಗಿಯೇ 1910ರಲ್ಲಿ ಪ್ರಕೃತಿ ಪಾಠ ಮತ್ತು ಶಾಲಾ ತೋಟವನ್ನು ಕುರಿತ ಪುಸ್ತಿಕೆ ಹೊರತಂದರು. ಟಸ್ಕೀಗಿಯಲ್ಲಿ ಕಲಿತ ಅನೇಕರು ಹಳ್ಳಿಶಾಲೆಯ ಶಿಕ್ಷಕರೇ ಆಗುತ್ತಿದ್ದರು. ತಮ್ಮ ಮಾತು ಗುಡಿಸಲಿಗೆ ತಲುಪುವ ದಾರಿ ಆ ಶಿಕ್ಷಕರ ಮೂಲಕ ಎಂದು ಅವರಿಗೆ ಗೊತ್ತಿತ್ತು.

ಓದಲು ಬಾರದವರಿಗೂ, ಟಸ್ಕೀಗಿಗೆ ಬರಲಾರದವರಿಗೂ ಇನ್ನೊಂದು ಏರ್ಪಾಡು. 1906ರಲ್ಲಿ, ನ್ಯೂಯಾರ್ಕಿನ ಮಾರಿಸ್ ಜೆಸಪ್ ಎಂಬ ಶ್ರೀಮಂತರ ನೆರವಿನಿಂದ, ಕುದುರೆಗಾಡಿಯ ಮೇಲೊಂದು ಶಾಲೆ ಸಿದ್ಧವಾಯಿತು. ನೇಗಿಲು, ಬೀಜ, ಹಾಲಿನಿಂದ ಬೆಣ್ಣೆ ತೆಗೆಯುವ ಸಾಧನ, ಮಣ್ಣಿನ ಮಾದರಿ ಎಲ್ಲವನ್ನೂ ಹೊತ್ತು ಅದು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿತ್ತು. ಗಾಡಿಯ ವಿನ್ಯಾಸದಲ್ಲಿ ಕಾರ್ವರ್ ಅವರ ಕೈಯಿತ್ತು. ಅದನ್ನು ಊರೂರಿಗೆ ಒಯ್ದವರು ಅವರ ಶಿಷ್ಯ ಥಾಮಸ್ ಕ್ಯಾಂಪ್‌ಬೆಲ್. ಅಮೆರಿಕ ಸರ್ಕಾರದ ಕೃಷಿ ಇಲಾಖೆ ವಿಸ್ತರಣಾ ಕಾರ್ಯಕ್ಕೆ ನೇಮಿಸಿದ ಮೊದಲ ಕಪ್ಪು ವ್ಯಕ್ತಿ ಅವರು.

ಇಷ್ಟೆಲ್ಲ ನಡೆದರೂ ಹೊರಗಿನ ಲೋಕಕ್ಕೆ ಕಾರ್ವರ್ ಅಪರಿಚಿತರಾಗಿಯೇ ಇದ್ದರು. ಕೀರ್ತಿ ಬಂದದ್ದು ಕಡಲೆಕಾಯಿಯ ವ್ಯಾಪಾರಿಗಳ ಮೂಲಕ. ಹತ್ತಿಯ ಕಾಯಿಕೊರಕ ಮೂತಿಹುಳು ಮೆಕ್ಸಿಕೋದಿಂದ ಹೊರಟು 1910ರ ಹೊತ್ತಿಗೆ ಅಲಬಾಮಾವನ್ನು ಮುಟ್ಟಿತ್ತು. ಹತ್ತಿ ಹಾಳಾದಲ್ಲೆಲ್ಲ ಕಡಲೆಕಾಯಿ ಹಬ್ಬುತ್ತಿತ್ತು. ಈ ಬೆಳೆ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಪೋರ್ಚುಗೀಸರ ಹಡಗಿನಲ್ಲಿ ಆಫ್ರಿಕಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗಿನೊಡನೆ ಉತ್ತರ ಅಮೆರಿಕಕ್ಕೆ ಬಂದದ್ದು. ಅಲ್ಲಿನ ಆಡುಮಾತಿನಲ್ಲಿ ಅದಕ್ಕಿರುವ ‘ಗೂಬರ್’ ಎಂಬ ಹೆಸರು ಆಫ್ರಿಕದ ಭಾಷೆಯದೇ. ದಾಸ್ಯಕ್ಕೆ ಹೋದವರು ತಮ್ಮ ಪದವನ್ನು ಬಿಟ್ಟುಕೊಟ್ಟಿರಲಿಲ್ಲ.

1921ರ ಜನವರಿಯಲ್ಲಿ ಆಮದು ಕಡಲೆಕಾಯಿಯ ಮೇಲೆ ಸುಂಕ ಹಾಕಬೇಕೆಂದು ಬೆಳೆಗಾರರ ಪರವಾಗಿ ಕಾರ್ವರ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತರು. ಕೊಟ್ಟ ಸಮಯ ಹತ್ತು ನಿಮಿಷ. ಒಬ್ಬ ಸದಸ್ಯ ಕಪ್ಪು ಜನರನ್ನು ಹಂಗಿಸಲು ಬಳಸುತ್ತಿದ್ದ ಕಲ್ಲಂಗಡಿಯ ಹಾಸ್ಯವನ್ನು ಅವರ ಮೇಲೆ ಎಸೆದ. ಕಾರ್ವರ್ ಅದನ್ನು ನಯವಾಗಿ ಬದಿಗಿರಿಸಿ ಪೆಟ್ಟಿಗೆಯಿಂದ ಒಂದೊಂದೇ ಶೀಶೆ ತೆಗೆದರು: ಕಡಲೆಕಾಯಿಯ ಹಾಲು, ಹಿಟ್ಟು, ಬಣ್ಣ, ಮೇವು. ಸಮಿತಿ ಮತ್ತೆ ಮತ್ತೆ ಸಮಯವನ್ನು ವಿಸ್ತರಿಸಿ, ಕೊನೆಗೆ ಬೇಕಾದಷ್ಟು ಮಾತನಾಡಿರೆಂದಿತು. ಅವರು ಹೊರಬರುವಾಗ ಸದಸ್ಯರು ಎದ್ದು ಚಪ್ಪಾಳೆ ತಟ್ಟಿದರು. 1922ರ ಸುಂಕದ ಕಾಯ್ದೆಯಲ್ಲಿ ಕಡಲೆಕಾಯಿ ಸೇರಿತು.

ಆ ದಿನದಿಂದ ಅವರು ಕಡಲೆಕಾಯಿ ಮನುಷ್ಯರಾದರು. ಮಣ್ಣಿನ ಮೇಷ್ಟರು ಮರೆಯಾದರು. ಮುನ್ನೂರು ವಸ್ತುಗಳಲ್ಲಿ ಎಷ್ಟೋ ಒಂದೇ ಪದಾರ್ಥದ ರೂಪಾಂತರಗಳು, ಎಷ್ಟೋ ಇತರರೂ ಮಾಡುತ್ತಿದ್ದವು. ಅವರು ಪಡೆದ ಪೇಟೆಂಟುಗಳು ಮೂರೇ, ಪೇಟೆಯಲ್ಲಿ ನೆಲೆನಿಂತದ್ದು ಬಹುಶಃ ಯಾವುದೂ ಇಲ್ಲ. ಕಡಲೆಕಾಯಿ ಬೆಣ್ಣೆಗೆ ಕೆನಡಾದ ಮಾರ್ಸೆಲಸ್ ಎಡ್ಸನ್ ಎಂಬುವರು 1884ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಲಿಂಡಾ ಮೆಕ್‌ಮರಿ ಎಂಬ ಇತಿಹಾಸಕಾರರು 1981ರ ತಮ್ಮ ಜೀವನಚರಿತ್ರೆಯಲ್ಲಿ ಈ ದಂತಕಥೆಯನ್ನು ಬಿಡಿಸಿ ನೋಡಿದ್ದಾರೆ. ದಂತಕಥೆ ಹಲವರಿಗೆ ಅನುಕೂಲವಾಗಿತ್ತು. ಕಡಲೆಕಾಯಿ ಉದ್ಯಮಕ್ಕೆ ಪ್ರಚಾರ ಬೇಕಿತ್ತು. ಬಣ್ಣದ ಮೇಲೆ ಜನರನ್ನು ಬೇರ್ಪಡಿಸಿದ್ದ ದಕ್ಷಿಣದ ಬಿಳಿಯರಿಗೆ, ನೋಡಿ, ಯೋಗ್ಯತೆಯಿದ್ದರೆ ಕಪ್ಪು ವ್ಯಕ್ತಿಯೂ ಇಲ್ಲಿ ಮೇಲೇರಬಹುದು ಎಂದು ತೋರಿಸಲು ಒಂದು ಹೆಸರು ಬೇಕಿತ್ತು. ಕಾರ್ವರ್ ಇದನ್ನು ಗಟ್ಟಿಯಾಗಿ ನಿರಾಕರಿಸಲಿಲ್ಲ. ಫೋರ್ಟ್ ಸ್ಕಾಟ್‌ನ ಆ ರಾತ್ರಿಯನ್ನು ಮರೆಯದಿದ್ದರೂ, ವರ್ಣಭೇದದ ವಿರುದ್ಧ ಸಾರ್ವಜನಿಕವಾಗಿ ಮಾತನಾಡಲು ಹಿಂಜರಿದರು. ಅದಕ್ಕಾಗಿ ಅವರ ಜನರೇ ಅವರನ್ನು ಟೀಕಿಸಿದ್ದುಂಟು. ಟೀಕೆ ಅನ್ಯಾಯವೆಂದು ನಾನು ಹೇಳಲಾರೆ.

ಅವರಲ್ಲಿ ಬೇರೆ ಕೊರತೆಗಳೂ ಇದ್ದವು. ಆಡಳಿತ ಅವರಿಗೆ ಒಗ್ಗದು. ಕೋಳಿಸಾಕಣೆಯ ಹೊಣೆ ಕೊಟ್ಟಾಗ ಲೆಕ್ಕವೂ ಕೋಳಿಗಳೂ ತಪ್ಪಿಹೋಗಿ ದೊಡ್ಡ ರಾದ್ಧಾಂತವಾಯಿತು. ಸಹೋದ್ಯೋಗಿಗಳೊಡನೆ ಜಗಳ, ರಾಜೀನಾಮೆಯ ಬೆದರಿಕೆ, ಮತ್ತೆ ರಾಜಿ. ಬುಕರ್ ವಾಷಿಂಗ್ಟನ್ ಒಮ್ಮೆ ನೇರವಾಗಿಯೇ ಬರೆದರು: ಬೋಧನೆಯಲ್ಲಿ ನಿಮ್ಮ ಸಮಾನರು ವಿರಳ, ವ್ಯವಸ್ಥೆ ನಿಮ್ಮ ಕೈಯಲ್ಲಿ ನಿಲ್ಲುವುದಿಲ್ಲ ಎಂಬುದು ಅದರ ತಾತ್ಪರ್ಯ. ಎಲ್ಲಕ್ಕಿಂತ ದೊಡ್ಡ ಮಿತಿ ಅವರ ಕೈಮೀರಿದ್ದು. ಮಣ್ಣನ್ನು ಕಟ್ಟುವುದು ಹೇಗೆಂದು ಕಲಿಸಬಹುದಿತ್ತು. ಆ ಮಣ್ಣು ಯಾರದೆಂಬುದನ್ನು ಬದಲಿಸಲು ಆಗುತ್ತಿರಲಿಲ್ಲ. ಮುಂದಿನ ವರ್ಷ ಇನ್ನೊಬ್ಬ ಪಾಲುದಾರನಿಗೆ ಹೋಗುವ ಹೊಲಕ್ಕೆ ಈ ವರ್ಷದವನು ಏಕೆ ಗೊಬ್ಬರ ಹೊರಬೇಕು? ಈ ಪ್ರಶ್ನೆಗೆ ಯಾವ ಪುಸ್ತಿಕೆಯಲ್ಲೂ ಉತ್ತರವಿರಲಿಲ್ಲ.

ನಮ್ಮ ದೇಶದೊಡನೆ ಅವರಿಗೊಂದು ತೆಳುವಾದ ನಂಟಿತ್ತು. ಸಿ. ಎಫ್. ಆಂಡ್ರೂಸ್ 1929ರಲ್ಲಿ ಟಸ್ಕೀಗಿಗೆ ಭೇಟಿ ಕೊಟ್ಟಿದ್ದರು. ಗಾಂಧೀಜಿಯವರೊಡನೆ ಕಾರ್ವರ್ ಅವರಿಗೆ ಪತ್ರವ್ಯವಹಾರವಿತ್ತು, ತಮ್ಮ ಪುಸ್ತಿಕೆಗಳನ್ನು ಅವರಿಗೆ ಕಳುಹಿಸಿದ್ದರು.

1943ರ ಜನವರಿ 5ರಂದು ಕಾರ್ವರ್ ತೀರಿಕೊಂಡರು. ಮದುವೆಯಾಗಿರಲಿಲ್ಲ, ಕೂಡಿಟ್ಟ ಹಣವೆಲ್ಲ ಟಸ್ಕೀಗಿಯ ಸಂಶೋಧನೆಗೆ ಹೋಯಿತು. ಅದೇ ವರ್ಷ ಅಮೆರಿಕದ ಸಂಸತ್ತು ಅವರು ಹುಟ್ಟಿದ ಹೊಲವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಕಪ್ಪು ಅಮೆರಿಕನ್ನರೊಬ್ಬರ ಹೆಸರಿನಲ್ಲಿ ಅಂಥ ಗೌರವ ಅದೇ ಮೊದಲು.

ಈಗ ತರಗತಿಗೆ ಬರೋಣ. ನಿಮ್ಮ ಶಾಲೆಯ ಬಳಿ ಕಡಲೆಕಾಯಿ ಇಲ್ಲವಾದರೆ ಅಲಸಂದೆಯೋ ತೊಗರಿಯೋ ಹೆಸರೋ ಆಗಬಹುದು. ಬಿತ್ತಿ ಒಂದೂವರೆ ತಿಂಗಳಾದ ಮೇಲೆ, ಮಣ್ಣು ಹಸಿಯಿರುವಾಗ, ಗಿಡವನ್ನು ಎಳೆಯದೆ ಸುತ್ತಲ ಮಣ್ಣಿನೊಡನೆ ಅಗೆದು ತೆಗೆಸಿ, ಬಕೆಟ್ಟಿನ ನೀರಿನಲ್ಲಿ ಮೆಲ್ಲಗೆ ಅದ್ದಿ ತೊಳೆಸಿರಿ. ಬೇರಿನ ಪಕ್ಕಕ್ಕೆ ಅಂಟಿಕೊಂಡು, ಬೆರಳಿನಿಂದ ಉಜ್ಜಿದರೆ ಉದುರುವುದು ಸಾರಜನಕದ ಗಂಟು. ಬೇರೇ ಊದಿಕೊಂಡು, ಉಜ್ಜಿದರೂ ಬಾರದಿದ್ದರೆ ಅದು ಜಂತುಹುಳುವಿನ ರೋಗ. ನಾನು ಅಂದು ಹೇಳಬಾರದಿದ್ದ ಉತ್ತರ. ಗಂಟನ್ನು ಬ್ಲೇಡಿನಿಂದ ನೀವೇ ಸೀಳಿ ತೋರಿಸಿರಿ. ಒಳಗೆ ನಸುಗೆಂಪಿದ್ದರೆ ಅದು ಕೆಲಸ ಮಾಡುತ್ತಿದೆ, ಬಿಳಿಯೋ ಹಸಿರೋ ಇದ್ದರೆ ಇಲ್ಲ.

ಆಮೇಲೆ ಅವರಿಂದ ಒಂದು ಪುಟದ ಪುಸ್ತಿಕೆ ಬರೆಸಿರಿ, ಕನ್ನಡದಲ್ಲಿ. ಸೊಲ್ಲಾಪುರ, ಜತ್ತದ ಮಕ್ಕಳು ಶೇಂಗಾ ಎಂದೇ ಬರೆಯಲಿ, ಹೊಸೂರಿನವರು ಕಡಲೆಕಾಯಿ ಎನ್ನಲಿ, ಕಾಸರಗೋಡಿನವರು ನೆಲಗಡಲೆ ಎನ್ನಲಿ. ಪಠ್ಯದ ಪದಕ್ಕೆ ತಿದ್ದಬೇಡಿ. ಬರೆದದ್ದನ್ನು ಮನೆಗೊಯ್ದು, ಮನೆಯಲ್ಲಿ ಓದು ಬಾರದವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಲಿ. ಕೇಳಿದವರಿಗೆ ಯಾವ ಪದ ತಿಳಿಯಲಿಲ್ಲವೋ ಅದರ ಕೆಳಗೆ ಗೆರೆ ಎಳೆದುಕೊಂಡು ಮರುದಿನ ತರಗತಿಗೆ ತರಲಿ.